ಮೂರು ಸಲ ಸಡಿಲಿಸಿದ ತೋಳು

ಅಧ್ಯಕ್ಷರಾದ ಡಾಕ್ಟರಮ್ಮನವರೇ, ಕುಲಪತಿಗಳೇ, ಮುಂದಿನ ಸಾಲಿನಲ್ಲಿ ಕೂತು ಆಗಲೇ ಗಡಿಯಾರ ನೋಡುತ್ತಿರುವ ಅತಿಥಿಗಳೇ, ಹಿಂದಿನ ಸಾಲಿನಲ್ಲಿ ಕೂತು ಗಡಿಯಾರದ ಗೊಡವೆಯೇ ಇಲ್ಲದ ನನ್ನ ದರ್ಜಿ ಬಂಧುಗಳೇ, ನಾಲ್ಕನೆಯ ಸಾಲಿನ ಐದು ಜನ ಹೆಣ್ಣುಮಕ್ಕಳೇ, ಎಲ್ಲ ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಐದು ನಿಮಿಷದಲ್ಲಿ ನಾನು ಒಂದು ಗುಂಡಿಯ ಕಾಜಾ ಕೂಡ ಹೊಲಿದವನಲ್ಲ. ಒಳ್ಳೆಯ ಕೆಲಸಕ್ಕೆ ಹೊತ್ತು ಬೇಕು. ಆತುರದ ಕೆಲಸ ಬೇಕಾದವರಿಗೆ ಪಕ್ಕದ ಅಂಗಡಿಯಿದೆ. ಇಲ್ಲಿಂದ ನೋಡಿದರೆ ಅಧ್ಯಕ್ಷರ ಕೋಟಿನ ಎಡಭುಜ ಅರ್ಧ ಬೆರಳು ಇಳಿದಿದೆ. ಅದು ಪಕ್ಕದ ಅಂಗಡಿಯ ಕೆಲಸವೇ ಇರಬೇಕು.

ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿ. ಏಳನೆಯದನ್ನು ಎರಡು ಸಲ ಓದಿದೆ, ಆದ್ದರಿಂದ ಎಂಟು ವರ್ಷದ ವಿದ್ಯಾಭ್ಯಾಸ ಎಂದು ಹೇಳಿಕೊಳ್ಳುವುದರಲ್ಲಿ ತಪ್ಪಿಲ್ಲ. ಅಂಥವನನ್ನು ಈ ವಿಶ್ವವಿದ್ಯಾಲಯ ಎರಡು ವರ್ಷದ ಹಿಂದೆ ಹನ್ನೊಂದು ಮಂದಿ ದೊಡ್ಡ ಡಾಕ್ಟರುಗಳ ನಡುವೆ ಕೂರಿಸಿತು. ಕ್ಯಾನ್ಸರ್ ಸಂಶೋಧಕರಿಗೆ ಪ್ರಾಯೋಗಿಕ ಅನುದಾನ ಕೊಡುವ ಸಮಿತಿ ಅದು. ಮನೆಯಲ್ಲಿ ಆ ಕಾಯಿಲೆ ಕಂಡ ಒಬ್ಬ ಸಾಮಾನ್ಯ ಮನುಷ್ಯನೂ ಸಮಿತಿಯಲ್ಲಿ ಇರಬೇಕೆಂಬ ನಿಯಮವಿತ್ತು. ನಾನು ಸಾಮಾನ್ಯನೇ ಎಂದು ನನ್ನ ಹೆಂಡತಿಗೆ ಆವತ್ತು ತುಂಬ ಅನುಮಾನ ಬಂತು. ಮೂವತ್ತು ವರ್ಷ ನಾನೇ ಅವಳಿಗೆ ಬೇರೆ ಹೇಳಿಕೊಂಡು ಬಂದಿದ್ದೆ.

ಪ್ರಾಯೋಗಿಕ ಅನುದಾನ ಎಂದರೇನು? ಪುಸ್ತಕದಲ್ಲಿ ಎರಡು ಪುಟ ಬರೆದಿದ್ದಾರೆ, ನಾನು ಎರಡು ಮಾತಿನಲ್ಲಿ ಹೇಳುತ್ತೇನೆ. ಒಳ್ಳೆಯ ದರ್ಜಿ ಬಟ್ಟೆಯನ್ನು ಒಮ್ಮೆಗೇ ಹೊಲಿದುಬಿಡುವುದಿಲ್ಲ. ಮೊದಲು ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ, ತೊಡಿಸಿ ನೋಡುತ್ತಾನೆ. ಸರಿಹೋದರೆ ಮಿಷನ್ನಿಗೆ, ಇಲ್ಲದಿದ್ದರೆ ದಾರ ಎಳೆದರಾಯಿತು, ಬಟ್ಟೆ ಕೆಡುವುದಿಲ್ಲ. ಹೊಸ ಯೋಚನೆಗೆ ಒಂದು ವರ್ಷದ ಕಚ್ಚಾ ಹೊಲಿಗೆ, ಅಷ್ಟೇ. ಇದನ್ನು ಸಮಿತಿಯಲ್ಲಿ ಹೇಳಿದಾಗ ಹನ್ನೊಂದು ಮಂದಿಯೂ ಬರೆದುಕೊಂಡರು. ಪೆನ್ನು ಇಲ್ಲದವರು ಪಕ್ಕದವರ ಹತ್ತಿರ ಇಸಕೊಂಡು ಬರೆದುಕೊಂಡರು!

ಸಮಿತಿಗೆ ಮೂರು ಕಟ್ಟಳೆ. ಒಂದು, ಪ್ರತಿ ಅರ್ಜಿಯ ಜೊತೆ ಆಡುಮಾತಿನಲ್ಲಿ ಬರೆದ ಒಂದು ಪುಟ ಇರಬೇಕು, ಅದರ ಮೇಲೆ ಹೆಸರು ಇರಕೂಡದು. ಅದನ್ನು ಗಟ್ಟಿಯಾಗಿ ಓದುತ್ತಾರೆ. ನನಗೆ ಅರ್ಥವಾಗದಿದ್ದರೆ, ಹೊಲಿಯುವಾಗ ಬೆರಳಿಗೆ ಹಾಕುವ ಲೋಹದ ಟೊಪ್ಪಿಗೆಯಿಂದ ನಾನು ಮೇಜು ಕುಟ್ಟಬೇಕು. ಮೊದಲ ದಿನ ಹತ್ತೊಂಬತ್ತು ಸಲ ಕುಟ್ಟಿದೆ. ಅರ್ಥವಾದ ಮೇಲೆ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡಬೇಕು. ಸಾಮಾನ್ಯನ ಅಂಕವಿಲ್ಲದ ಅರ್ಜಿ ತಾನಾಗಿಯೇ ಬಿದ್ದುಹೋಗುತ್ತದೆ. ಎರಡು, ಅರ್ಜಿ ಹಾಕಿದವರು ನಮ್ಮವರೆಂದು ಗೊತ್ತಾದರೆ ಎದ್ದು ಹೊರಗೆ ಹೋಗಬೇಕು. ಮೂರು, ಸಮಿತಿಯಲ್ಲಿ ಇರುವುದನ್ನು ಮನೆಯವರ ಹೊರತು ಯಾರಿಗೂ ಹೇಳಕೂಡದು. ನಾನು! ಹೇಳಕೂಡದು! ಮೂರು ತಿಂಗಳು ಹೊಟ್ಟೆ ಉಬ್ಬರಿಸಿಕೊಂಡು ತಿರುಗಿದೆ. ಈ ವಿಶ್ವವಿದ್ಯಾಲಯದಲ್ಲೇ ಸಂಶೋಧನೆ ಮಾಡುವ ನನ್ನ ತಂಗಿಯ ಮಗಳಿಗೂ ಹೇಳಲಿಲ್ಲ. ಅವಳು ಅರ್ಜಿ ಹಾಕಿದ್ದನ್ನು ನನಗೆ ಹೇಳಲಿಲ್ಲ. ಎರಡು ಕಡೆ ಅರ್ಜಿ ವಾಪಸು ಬಂದಿತ್ತಂತೆ, ಮೂರನೆಯದೂ ಬಂದರೆ ಮಾವನ ಬಾಯಿಂದ ಊರಿಗೆಲ್ಲ ಗೊತ್ತಾಗುತ್ತದೆಂಬ ಹೆದರಿಕೆ.

ಈಗ ಅಲ್ಲಿ ಕೂತು ನನಗೆ ಕಣ್ಣು ಬಿಡುತ್ತಿದ್ದಾಳೆ, ನೋಡಿ. "ಮಾವ, ಅನುದಾನದ ಬಗ್ಗೆ ಮಾತ್ರ ಮಾತಾಡು, ನಿನ್ನ ಬಗ್ಗೆ ಬೇಡ" ಎಂದು ಕಾರಿನಲ್ಲೇ ಹೇಳಿದ್ದಳು. ಎರಡನ್ನೂ ಬೇರೆ ಮಾಡುವುದು ಹೇಗಮ್ಮ?

ಹದಿನಾಲ್ಕನೆಯ ಅರ್ಜಿ. ಸಮಿತಿಗೂ ಅಧ್ಯಕ್ಷರಾಗಿದ್ದ ಈ ಡಾಕ್ಟರಮ್ಮನವರೇ ಓದಿದರು. ಒಂದೊಂದು ಮಾತೂ ನೆನಪಿದೆ.

"ದರ್ಜಿಯ ಕೈಯಲ್ಲಿ ಟೇಪು ಇರುತ್ತದೆ. ಹೋದ ಸಲದ ಅಳತೆ ಅವನ ಪುಸ್ತಕದಲ್ಲಿ ಇರುತ್ತದೆ. ಅಂಗಿ ಒಂದೇ ಬದಿಗೆ ಬಿಗಿಯಾದರೆ ಡಾಕ್ಟರಿಗಿಂತ ಮೊದಲು ಗೊತ್ತಾಗುವುದು ಅವನಿಗೆ. ಅವನು ಒಂದು ಪ್ರಶ್ನೆ ಕೇಳಿ, ಆಸ್ಪತ್ರೆಗೆ ಒಂದು ಚೀಟಿ ಕೊಟ್ಟರೆ, ಹೆಂಗಸರು ಬೇಗ ಬರುತ್ತಾರೆಯೇ? ಒಂದು ವರ್ಷ ಮಾಡಿ ನೋಡಬೇಕು. ಒಬ್ಬ ಹೆಣ್ಣುಮಗಳ ಎಡತೋಳನ್ನು ಅವಳ ದರ್ಜಿ ಮೂರು ಸಲ ಸಡಿಲಿಸಿದ. ಒಂದು ಸಲವೂ ಯಾಕೆ ಎಂದು ಕೇಳಲಿಲ್ಲ."

ನಾನು ಮೇಜು ಕುಟ್ಟಲಿಲ್ಲ. ಎಲ್ಲವೂ ಅರ್ಥವಾಗಿತ್ತು.

ನನ್ನ ತಂಗಿ ಮೊದಲ ಸಲ ಬಂದಾಗ ಅಂಗಡಿ ತುಂಬ ಜನ. "ಅಣ್ಣಾ, ಈ ಎಡಗಡೆ ತೋಳು ಬಿಗಿ ಆಗ್ತಿದೆ ಕಣೋ, ಕಂಕುಳ ಹತ್ರ ಸ್ವಲ್ಪ ಬಿಡು" ಎಂದಳು. "ನೀನು ತಿನ್ನೋದು ಕಮ್ಮಿ ಮಾಡು, ನನಗೆ ಕೆಲಸ ಕಮ್ಮಿ ಆಗುತ್ತೆ" ಎಂದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ಕಾಲು ಅಂಗುಲ ಬಿಟ್ಟೆ. ಎರಡು ತಿಂಗಳಿಗೆ ಮತ್ತೆ ಬಂದಳು, ಅರ್ಧ ಅಂಗುಲ ಬಿಟ್ಟೆ. ಮೂರನೆಯ ಸಲ ಒಳಮಡಿಕೆಯಲ್ಲಿ ಬಿಡುವುದಕ್ಕೆ ಬಟ್ಟೆಯೇ ಉಳಿದಿರಲಿಲ್ಲ. ಅದೇ ಬಣ್ಣದ ತುಂಡು ಹುಡುಕಿ, ಅದೇ ಬಣ್ಣದ ದಾರದಲ್ಲಿ ತೇಪೆ ಹಾಕಿದೆ. ಎಂಥ ತೇಪೆ! ಭೂತಗನ್ನಡಿ ಹಿಡಿದರೂ ಕಾಣಬಾರದು. ಬಂದವರಿಗೆಲ್ಲ ತೋಳು ತಿರುಗಿಸಿ ತೋರಿಸಿ, ಎಲ್ಲಿದೆ ಹುಡುಕಿ ನೋಡೋಣ ಎಂದೆ. ಯಾರಿಗೂ ಸಿಗಲಿಲ್ಲ.

ತಿಂದು ದಪ್ಪಗಾದರೆ ಎರಡು ತೋಳೂ ಬಿಗಿಯಾಗಬೇಕಲ್ಲವೇ? ಮೂವತ್ತು ವರ್ಷ ಟೇಪು ಹಿಡಿದವನಿಗೆ ಅಷ್ಟು ಹೊಳೆಯಬೇಡವೇ? ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ನನ್ನ ಅಂಗೈಯಲ್ಲೇ ಇತ್ತು, ಸಭಿಕರೇ. ನಾನು ತೇಪೆ ಹಾಕಿ ಮುಚ್ಚಿದೆ. ನಾಲ್ಕನೆಯ ಸಲ ಅವಳು ಅಂಗಡಿಗೆ ಬರಲಿಲ್ಲ, ಆಸ್ಪತ್ರೆಗೆ ಹೋದಳು. ಆರು ತಿಂಗಳು ಮೊದಲು ಬಂದಿದ್ದರೆ, ಎಂದರು ಅಲ್ಲಿನವರು.

ಇದು ನನ್ನ ಚೀಟಿಯಲ್ಲಿ ಬರೆದಿರಲಿಲ್ಲ. ಇರಲಿ, ಬಾಯಿಂದ ಬಂದಾಯಿತು.

ಆ ಕೋಣೆಗೆ ಬರೋಣ. ಅರ್ಜಿ ಯಾರದೆಂದು ನನಗೆ ಗೊತ್ತು, ಉಳಿದ ಹನ್ನೊಂದು ಮಂದಿಗೆ ಗೊತ್ತಿಲ್ಲ. ಸುಮ್ಮನೆ ಕೂತರೆ ಹತ್ತಕ್ಕೆ ಹತ್ತು ಕೊಡಬಹುದು, ಅನುದಾನ ಅವಳದು. ಆ ದರ್ಜಿ ಯಾರೆಂಬುದೂ ಯಾರಿಗೂ ತಿಳಿಯುವುದಿಲ್ಲ. ಎದ್ದರೆ? ನನ್ನ ಅಂಕವಿಲ್ಲದೆ ಅರ್ಜಿ ಬಿದ್ದುಹೋಗುತ್ತದೆ, ನನ್ನ ಮಾನವೂ ಅದರ ಜೊತೆಗೆ. ಕೂತಿರುವುದಕ್ಕೆ ಎರಡು ಕಾರಣ, ಏಳುವುದಕ್ಕೆ ಒಂದೂ ಇಲ್ಲ. ಆದರೆ ಮುಂದೊಂದು ದಿನ ಯಾರಾದರೂ, "ಮಾವ ಒಳಗೆ ಕೂತಿದ್ದ, ಅದಕ್ಕೇ ಸಿಕ್ಕಿತು" ಎಂದರೆ? ಆಗ ನಾನು ಹಾಕಿದ್ದು ಎರಡನೆಯ ತೇಪೆ ಆಗುತ್ತಿತ್ತು.

ಎದ್ದೆ.

"ಯಾಕೆ ಟೇಪು ಮಾವ, ಅರ್ಥ ಆಗ್ಲಿಲ್ವಾ?" ಎಂದರು ಅಧ್ಯಕ್ಷರು. ಸಮಿತಿಯಲ್ಲಿ ಎಲ್ಲರೂ ನನ್ನನ್ನು ಕರೆಯುತ್ತಿದ್ದುದು ಹಾಗೆ.

"ಅರ್ಥ ಆಯ್ತು ತಾಯಿ. ಬರೆದವರು ಯಾರು ಅಂತನೂ ಅರ್ಥ ಆಯ್ತು, ಆ ದರ್ಜಿ ಯಾರು ಅಂತನೂ" ಎಂದು ಹೇಳಿ ಹೊರಗೆ ಬಂದೆ.

ಹೊರಗೆ ಉದ್ದನೆಯ ಓಣಿ, ಒಂದು ಬೆಂಚು, ನೆಲ ಒರೆಸುತ್ತಿದ್ದ ಒಬ್ಬ ಹೆಂಗಸು. "ಕಾಲೆತ್ತಿ" ಎಂದಳು. ಎತ್ತಿದೆ. ಅಷ್ಟರಲ್ಲಿ ಬಾಗಿಲು ತೆರೆಯಿತು. ಅಧ್ಯಕ್ಷರು ಹೊರಗೆ ಇಣುಕಿ, ನನ್ನ ಕಡೆ ನೋಡದೆ ಅವಳನ್ನು ಕೇಳಿದರು: "ನಿಮ್ಮ ಮನೇಲಿ ಯಾರಿಗಾದ್ರೂ ಕ್ಯಾನ್ಸರ್ ಆಗಿತ್ತಾ?" "ನಮ್ಮತ್ತೆಗೆ ಆಗಿತ್ತು, ಯಾಕೆ?" "ಬಕೆಟ್ಟು ಅಲ್ಲೇ ಇಟ್ಟು ಒಳಗೆ ಬನ್ನಿ." ಸಾಮಾನ್ಯರು ಯಾರಾದರೂ ಆಗಬಹುದಲ್ಲವೇ? ಡಾಕ್ಟರುಗಳಿಗೂ ಒಮ್ಮೊಮ್ಮೆ ಬುದ್ಧಿ ಓಡುತ್ತದೆ.

ಅರ್ಧ ಗಂಟೆ ನಾನು ಆ ಬಕೆಟ್ಟು ಕಾದೆ. ಬಾಳಿನಲ್ಲಿ ನಾನು ಬಾಯಿ ಮುಚ್ಚಿಕೊಂಡು ಕೂತ ಅತಿ ದೊಡ್ಡ ಅರ್ಧ ಗಂಟೆ ಅದು. ಆಮೇಲೆ ಅವಳು ಹೊರಗೆ ಬಂದಳು, ಮುಖ ಕೆಂಪಗೆ.

"ಎಷ್ಟು ಕೊಟ್ಟೆಯಮ್ಮ?" ಎಂದೆ.

"ಹತ್ತು. ಹನ್ನೊಂದು ಕೊಡೋಕೆ ಬಿಡ್ಲಿಲ್ಲ. ಅಲ್ಲಾ, ಆ ದರ್ಜಿಗೆ ಏನಾಗಿತ್ತು ಅಂತೀನಿ? ಬಾಯಿ ಬಿದ್ದೋಗಿತ್ತಾ? ಕೈಗೆ ಸಿಕ್ಕಿದ್ರೆ ನಾಲ್ಕು ಬಿಡ್ತಿದ್ದೆ!"

"ಸಿಕ್ಕಿದ್ದಾನೆ, ಬಿಡಮ್ಮ" ಎಂದೆ.

ಅವಳು ನನ್ನನ್ನು ನೋಡಿದಳು. ಕೈಗೆತ್ತಿಕೊಂಡಿದ್ದ ಒರೆಸುವ ಕೋಲನ್ನು ಗೋಡೆಗೆ ಒರಗಿಸಿದಳು. ಬೆಂಚಿನ ಆ ಕೊನೆಯಲ್ಲಿ ಕೂತಳು. ಹೊಡೆಯಲಿಲ್ಲ. "ಕಾಲು ಕೆಳಗಿಡಿ, ನೆಲ ಆರಿದೆ" ಎಂದಳು.

ಅನುದಾನ ಬಂತು. ಆವತ್ತು ಸಂಜೆ ನನ್ನ ತಂಗಿಯ ಮಗಳು ಅಂಗಡಿಗೆ ಓಡಿ ಬಂದಳು. ಅವಳನ್ನು ಕೇಳಿದೆ, "ತೋಳಿನ ವಿಷಯ ನಿನಗೆ ಯಾರು ಹೇಳಿದ್ದು?"

"ಅಮ್ಮನೇ, ಕೊನೇ ದಿನಗಳಲ್ಲಿ. ಬೇರೆ ದರ್ಜಿ ಮನೆ ಪಕ್ಕದಲ್ಲೇ ಇದ್ದ, ಆದ್ರೆ ಅಣ್ಣನಾದ್ರೆ ಯಾಕೆ ಅಂತ ಕೇಳ್ತಾನೆ, ಕೇಳಿದ್ರೆ ಹೇಳ್ಬೋದು ಅಂತ ಅಷ್ಟು ದೂರ ಬರ್ತಿದ್ಲಂತೆ. ತಾನಾಗೇ ಹೇಳೋಕೆ ಹೆದರಿಕೆ ಅವಳಿಗೆ." ಆಮೇಲೆ ನನ್ನ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದಳು: "ನಿನ್ನ ಬೈಯೋಕೆ ಬರೆದಿದ್ದಲ್ಲ ಮಾವ. ಮೊದಲ ದರ್ಜಿ ನೀನೇ ಆಗ್ಬೇಕು ಅಂತ ಬರೆದಿದ್ದು."

ಆದೆ. ನಲವತ್ತೆರಡು ದರ್ಜಿಗಳನ್ನು ಸೇರಿಸಿದೆ. ಪಕ್ಕದ ಅಂಗಡಿಯವನನ್ನೂ ಸೇರಿಸಿದೆ, ನನ್ನ ದೊಡ್ಡತನ ನೋಡಿ! ನಾವು ಕಾಯಿಲೆ ಹೇಳುವುದಿಲ್ಲ, ಅದು ನಮ್ಮ ಕಸುಬಲ್ಲ. "ಯಾಕಮ್ಮ ಈ ಬದಿ ಬಿಗಿ?" ಎಂದು ಕೇಳಿ ಚೀಟಿ ಕೊಡುತ್ತೇವೆ. ಒಂದು ವರ್ಷದಲ್ಲಿ ಚೀಟಿ ಹಿಡಿದು ಹೋದವರು ಅರವತ್ತೇಳು ಮಂದಿ. ಅರವತ್ತೆರಡು ಮಂದಿಗೆ ಏನೂ ಇರಲಿಲ್ಲ. ಅದರಲ್ಲಿ ಮೂವರು ಬಂದು ನನ್ನನ್ನು ಚೆನ್ನಾಗಿ ಬೈದು ಹೋದರು, ಅಷ್ಟು ಸಿಹಿಯಾದ ಬೈಗುಳ ನಾನು ತಿಂದೇ ಇಲ್ಲ. ಐದು ಮಂದಿಗೆ ಇತ್ತು. ಚಿಕ್ಕದಿರುವಾಗಲೇ ಸಿಕ್ಕಿತು. ಆ ಐದೂ ಮಂದಿ ನಾಲ್ಕನೆಯ ಸಾಲಿನಲ್ಲಿ ಕೂತಿದ್ದಾರೆ. ಏಳಬೇಡಿ, ಏಳಬೇಡಿ... ಎದ್ದೇಬಿಟ್ಟರು! ಚಪ್ಪಾಳೆ ನನಗಲ್ಲ, ಅವರಿಗೆ ಹೊಡೆಯಿರಿ. ನನಗೆ ಆಮೇಲೆ ಬೇರೆ ಹೊಡೆಯಿರಿ.

ಇವತ್ತು ದೊಡ್ಡ ಅನುದಾನ ಘೋಷಣೆಯಾಗಿದೆ: ಐದು ವರ್ಷ, ಮುನ್ನೂರು ಊರು. ಕಚ್ಚಾ ಹೊಲಿಗೆ ಮುಗಿಯಿತು, ಇನ್ನು ಮಿಷನ್ನು ಹೊಡೆಯಲಿ! ಅಂದು ನೆಲ ಒರೆಸುತ್ತಿದ್ದ ಆ ತಾಯಿ ಈಗ ಸಮಿತಿಯ ಕಾಯಂ ಸದಸ್ಯೆ. ಮೊನ್ನೆಯ ಸಭೆಯಲ್ಲಿ ಮೂವತ್ತೊಂದು ಸಲ ಮೇಜು ಕುಟ್ಟಿ ನನ್ನ ದಾಖಲೆ ಮುರಿದಿದ್ದಾರೆ. ಹೊಟ್ಟೆಕಿಚ್ಚು ಇಲ್ಲ ಎಂದರೆ ಸುಳ್ಳಾಗುತ್ತದೆ.

ಗಡಿಯಾರ ನೋಡಿದವರ ತಾಳ್ಮೆಗೂ ನೋಡದವರ ಪ್ರೀತಿಗೂ ಋಣಿ. ಹೋಗುವ ಮುನ್ನ ಒಂದು ತಿದ್ದುಪಡಿ ಇದೆ. ಮೊದಲಿಗೆ ಅಧ್ಯಕ್ಷರ ಎಡಭುಜ ಇಳಿದಿರುವುದು ಕೋಟಿನ ತಪ್ಪು ಎಂದು ನಗಿಸಿದೆ. ಹಾಗೆ ನಗಿಸಿ ಬಿಟ್ಟುಬಿಡುವ ಕಾಲ ನನ್ನ ಮಟ್ಟಿಗೆ ಮುಗಿದಿದೆ. ತಪ್ಪು ಕೋಟಿನದೋ ಭುಜದ್ದೋ, ಕೇಳದೆ ಕಳಿಸುವವನು ನಾನಲ್ಲ. ಸಭೆ ಮುಗಿದ ಮೇಲೆ ಟೇಪು ಹಿಡಿದು ಬಾಗಿಲಲ್ಲಿ ನಿಂತಿರುತ್ತೇನೆ, ತಾಯಿ. ಎರಡೂ ಬದಿ ಅಳೆಯುತ್ತೇನೆ.

ಎಲ್ಲರಿಗೂ ನಮಸ್ಕಾರ.