ಚೀಟಿ ತಾನಾಗಿ ಬರಲಿಲ್ಲ

ವೇದಿಕೆಯ ನಡುವೆ ಕುಳಿತಿರುವ ಅಧ್ಯಕ್ಷರೂ ನಮ್ಮ ಟೂರಿಂಗ್ ಟಾಕೀಸಿನ ಮಾಲೀಕರೂ ಆದ ಸುಬ್ಬರಾಯಪ್ಪನವರೇ, ಈಗಷ್ಟೇ ನನ್ನನ್ನು ಬಾಯ್ತುಂಬ ಹೊಗಳಿದ ಜಯರಾಮಪ್ಪ ಮೇಷ್ಟ್ರೇ, ಬಂಗಾರಪೇಟೆಯ ಸಭಿಕರೇ, ರೈಲಿಳಿದು ನೇರ ಇಲ್ಲಿಗೇ ಬಂದಿರುವ ಊರಿಗಾಮಿನ ನೆಂಟರೇ,

ಹದಿನೈದು ವರ್ಷ ಈ ಗೇಟಿನಲ್ಲಿ ನಿಂತು ನಿಮ್ಮ ಟಿಕೆಟ್ಟು ಹರಿದವನು ನಾನು, ಕೋದಂಡಪ್ಪ. ಕೋಲಾರದ ಹೊಸ ಚಿತ್ರಮಂದಿರಕ್ಕೆ ಮ್ಯಾನೇಜರಾಗಿ ಹೊರಟಿದ್ದೇನೆಂದು ಇಷ್ಟು ದೊಡ್ಡ ಬೀಳ್ಕೊಡುಗೆ ಮಾಡುತ್ತಿದ್ದೀರಿ. ನೆಲದ ಟಿಕೆಟ್ಟು ಕೊಂಡು, ದೀಪ ಆರಿದ ಮೇಲೆ ಕುರ್ಚಿಗೆ ಜಾರಿದವರು ಯಾರು ಯಾರೆಂದು ನನಗೆ ಗೊತ್ತು. ಹೆಸರು ಹೇಳುವುದಿಲ್ಲ, ಹೆದರಬೇಡಿ.

ಮೇಷ್ಟ್ರು ಒಂದು ಮಾತು ಹೇಳಿದರು. ಹೆಸರು ಕೆಟ್ಟ ಹೆಣ್ಣಿಗೆ ಬಾಳು ಕೊಟ್ಟ ಉದಾರಿ ಈ ಕೋದಂಡಪ್ಪ ಎಂದರು. ನೀವು ಚಪ್ಪಾಳೆ ತಟ್ಟಿದಿರಿ. ಆ ಹೆಣ್ಣು ನನ್ನ ಹೆಂಡತಿ ಸೊಣ್ಣಮ್ಮ. ಅವಳ ಹೆಸರು ಕೆಟ್ಟದ್ದು ಹೇಗೆ? ಕೆಡಿಸಿದವರು ಯಾರು? ಹನ್ನೊಂದು ವರ್ಷದಲ್ಲಿ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಐವತ್ತಾರನೆಯ ಇಸವಿಯಲ್ಲಿ ಇಲ್ಲಿ ಒಂದು ನಗೆಚಿತ್ರ ಬಂದಿತ್ತು, ನೆನಪಿದೆಯೇ? ಗುಮಾಸ್ತನ ತಪ್ಪಿನಿಂದ ನಾಯಕನಿಗೂ ನಾಯಕಿಗೂ ರೈಲಿನಲ್ಲಿ ಒಂದೇ ನಂಬರಿನ ಸೀಟು ಸಿಗುತ್ತದೆ. ಜಗಳವಾಡುತ್ತಲೇ ಪ್ರೀತಿ ಬೆಳೆಯುತ್ತದೆ. ಕೊನೆಗೆ ನಾಯಕ, "ನಂಬರು ಒಂದೇ ಆದಮೇಲೆ ಮನೆಯೂ ಒಂದೇ ಆಗಲಿ" ಅನ್ನುತ್ತಾನೆ. ಟೆಂಟೇ ಕಿತ್ತುಹೋಗುವಂತೆ ಶಿಳ್ಳೆ ಬೀಳುತ್ತಿತ್ತು.

ಆ ಚಿತ್ರಕ್ಕೆ ಸೊಣ್ಣಮ್ಮ ತನ್ನ ಸೋದರತ್ತೆಯ ಜೊತೆ ಮೂರು ಸಲ ಬಂದಳು. ಊರಿಗಾಮಿನ ಚಿನ್ನದ ಗಣಿಯ ಕಾರ್ಮಿಕ ಆಂಜನಪ್ಪನವರ ಮಗಳು. ಸೀಟಿನ ಜಗಳದ ಸೀನು ಬಂದಾಗ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಎಲ್ಲರೂ ಪರದೆ ನೋಡುತ್ತಿದ್ದರು, ನಾನು ಅವಳನ್ನು ನೋಡುತ್ತಿದ್ದೆ. ಅವಳಿಗೆ ಗಣಿಯಲ್ಲೇ ಕೆಲಸಕ್ಕಿದ್ದ ಮುನಿಶಾಮಿಯ ಜೊತೆ ಮದುವೆ ಗೊತ್ತಾಗಿತ್ತು. ಅದು ನನಗೆ ತಿಳಿದಿತ್ತು. ತಿಳಿದಿರಲಿಲ್ಲ ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ತಿಳಿದಿತ್ತು.

ಇಪ್ಪತ್ತೈದನೆಯ ದಿನದ ಆಟಕ್ಕೆ ಮಾಲೀಕರು ಅದೃಷ್ಟದ ಚೀಟಿ ಇಟ್ಟರು. ಗೇಟಿನಲ್ಲಿ ಹರಿದ ಟಿಕೆಟ್ಟಿನ ಚೂರುಗಳನ್ನೆಲ್ಲ ಕೊಡಕ್ಕೆ ಹಾಕಿ ಒಂದನ್ನು ಎತ್ತಬೇಕು. ಬಹುಮಾನ, ಮೊಳಕಾಲ್ಮೂರಿನ ಸೀರೆ. ಎತ್ತುವವನು ನಾನೇ. ಅವತ್ತು ಮೂರನೆಯ ಸಲ ಬಂದಿದ್ದ ಅವಳ ಟಿಕೆಟ್ಟಿನ ಚೂರನ್ನು ನಾನು ಕೊಡಕ್ಕೆ ಹಾಕಲೇ ಇಲ್ಲ. ಬೆರಳ ಸಂದಿಯಲ್ಲಿ ಇಟ್ಟುಕೊಂಡು ಕೊಡದೊಳಗೆ ಕೈ ಆಡಿಸಿ ಹೊರತೆಗೆದೆ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅವಳು ವೇದಿಕೆಗೆ ಬಂದಳು. ನಾನು ಅವತ್ತು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ್ದೆ, ತಲೆಗೆ ಎಣ್ಣೆ ಹಚ್ಚಿ ಬೈತಲೆ ತೆಗೆದಿದ್ದೆ. ಸೀರೆ ಕೊಡುತ್ತಾ ಮೈಕಿನಲ್ಲಿ ಆ ನಾಯಕನ ಮಾತನ್ನೇ ಹೇಳಿಬಿಟ್ಟೆ. ಜನ ಕುಣಿದರು. ನನಗೆ ಹಿಗ್ಗಾಯಿತು. ಅವಳ ಮುಖ ನಾನು ನೋಡಲಿಲ್ಲ.

ವಾರದೊಳಗೆ ಊರಿಗಾಮಿನ ಕಾರ್ಮಿಕರ ಲೈನು ಮನೆಗಳಲ್ಲೆಲ್ಲ ಅದೇ ಮಾತು. ಮೂರು ಸಲ ಹೋದದ್ದು ಸಿನಿಮಾಕ್ಕಲ್ಲ, ಗೇಟಿನವನಿಗಾಗಿ ಎಂದರು. ಮುನಿಶಾಮಿಯ ಮನೆಯವರು ತಾಂಬೂಲ ಹಿಂದಿರುಗಿಸಿದರು. ನನ್ನನ್ನು ಯಾರಾದರೂ ಬೈದರೇ? ಗಂಡಸು, ತಮಾಷೆಗೆ ಅಂದ ಎಂದು ನಕ್ಕರು. ಚೀಟಿ ತಾನಾಗಿ ಬಂದದ್ದು, ನಾನೇನು ಮಾಡಲಿ ಎಂದು ನಾನೂ ನಕ್ಕೆ.

ಎರಡು ತಿಂಗಳ ಮೇಲೆ ಆಂಜನಪ್ಪನವರ ಮನೆಗೆ ಹೋಗಿ, ನನ್ನ ಬಾಯಿಮಾತಿನಿಂದ ಆದದ್ದು, ನಾನೇ ಮದುವೆಯಾಗುತ್ತೇನೆ ಎಂದೆ. ಆ ಮನುಷ್ಯ ನನ್ನ ಎರಡೂ ಕೈ ಹಿಡಿದು ಅತ್ತರು. ಮರುವರ್ಷ ಎದೆಯ ಕಾಯಿಲೆಯಲ್ಲಿ ತೀರಿಕೊಂಡರು. ನನ್ನನ್ನು ದೇವರಂಥವನೆಂದು ತಿಳಿದೇ ತೀರಿಕೊಂಡರು.

ಮದುವೆಯಾದ ಹೊಸದರಲ್ಲಿ ಸೊಣ್ಣಮ್ಮ ಒಂದೇ ಸಲ ಕೇಳಿದಳು: "ದಿಟ ಯೋಳು. ಆ ಚೀಟಿ ತಾನಾಗೇ ಬಂತಾ?"

"ತಾನಾಗೇ ಬಂತು, ನಿನ್ನಾಣೆ" ಎಂದೆ.

ಆ ಸೀರೆಯನ್ನು ಅವಳು ಒಂದು ದಿನವೂ ಉಡಲಿಲ್ಲ.

ಕಳೆದ ಭಾನುವಾರ ಈ ಸಭೆಯ ಆಹ್ವಾನಪತ್ರ ಬಂತು. 'ಉದಾರಿ' ಎಂದು ಅಚ್ಚಾಗಿತ್ತು. ಓದಿ ಹೇಳು ಅಂದಳು. ಆ ಪದದ ಹತ್ತಿರ ಬಂದಾಗ ಪತ್ರ ಕೆಳಗಿಟ್ಟೆ. ಅಲ್ಲೇ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಮೊರ ತುಂಬುವವರೆಗೂ ಸುಲಿದಳು. ಆಮೇಲೆ ಅಂದಳು:

"ನಮ್ಮಪ್ಪ ನಿನ್ ಕೈ ಇಡ್ಕಂಡು ಅತ್ನಲ್ಲ, ಅವಾಗ್ಲೂ ನಿಂಗ್ ಬಾಯ್ ಬರ್ಲಿಲ್ವಾ?"

ಕ್ಷಮಿಸು ಎಂದೆ.

"ನಂಗೊಬ್ಳಿಗೆ ಯೋಳಿದ್ರೆ ಸಾಲ್ದು" ಅಂದಳು. "ಅವತ್ತು ಮೈಕಾಗೆ ಅಂದೆ. ಇದ್ನೂ ಮೈಕಾಗೇ ಅನ್ನು."

ಅಂದಿದ್ದೇನೆ, ಸಭಿಕರೇ. ಆಂಜನಪ್ಪನವರ ಮಗಳು ಸಿನಿಮಾ ನೋಡಲು ಬಂದಳು, ನಕ್ಕಳು, ಮನೆಗೆ ಹೋದಳು. ಅವಳು ಮಾಡಿದ್ದು ಇಷ್ಟೇ. ಉಳಿದದ್ದೆಲ್ಲ ನಾನು ಮಾಡಿದ್ದು. ನನಗೆ ಹೊದಿಸಲು ತಂದಿರುವ ಆ ಶಾಲನ್ನು ಅಧ್ಯಕ್ಷರು ದಯವಿಟ್ಟು ಮಡಿಸಿಡಬೇಕು.

ಹೆಂಗಸರ ಸಾಲಿನಲ್ಲಿ, ಎರಡನೆಯ ಕಂಬದ ಪಕ್ಕ ಅವಳು ಕುಳಿತಿದ್ದಾಳೆ. ನಾನು ಮಾತು ಶುರುಮಾಡಿದಾಗಿನಿಂದ ತಲೆ ತಗ್ಗಿಸಿದ್ದಳು. ಈಗ ಎತ್ತಿದ್ದಾಳೆ. ನನ್ನ ಕಡೆ ನೋಡುತ್ತಿಲ್ಲ. ನಿಮ್ಮೊಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಾಳೆ.

ಇಷ್ಟು ಹೊತ್ತು ಎದ್ದುಹೋಗದೆ ಕೇಳಿದ್ದಕ್ಕೆ ನಿಮಗೆ ಕೃತಜ್ಞ. ನಮಸ್ಕಾರ.