ಭತ್ಯೆ ಕಚೇರಿಯ ಬೆಂಚು

ನಾನು ಐವತ್ತೆಂಟು ವರ್ಷದ ಹೆಂಗಸು, ಉದ್ಯೋಗ ಮನೆಯಲ್ಲೇ ಬಟ್ಟೆ ಹೊಲಿಯುವುದು, ವಾಸ ಬೇಕರಿಯ ಮೇಲಿನ ಎರಡನೇ ಮಹಡಿ. ಸ್ವಂತ ಇಚ್ಛೆಯಿಂದ ಠಾಣೆಗೆ ಬಂದು, ಮಗ ಕಾಣೆಯಾಗಿರುವ ಬಗ್ಗೆ ಈ ಮೂಲಕ ಬರೆಸುವುದೇನೆಂದರೆ:

ನನ್ನ ಒಬ್ಬನೇ ಮಗ, ವಯಸ್ಸು ಇಪ್ಪತ್ತೊಂಬತ್ತು, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮೆಷಿನ್ ನೋಡಿಕೊಳ್ಳುತ್ತಿದ್ದ. ಪ್ರೆಸ್ ಮುಚ್ಚಿತು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ನಮ್ಮ ಯಜಮಾನರು, ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎಂದರು. ಅವರದು ಬಾಯಿ ಜೋರು, ಮನಸ್ಸು ಮೆತ್ತಗೆ. ಆದರೆ ಆಡಿದ ಮಾತು ಹೊಲಿಗೆಯಲ್ಲ, ಬಿಚ್ಚಿ ಮತ್ತೆ ಹಾಕಲು ಬರುವುದಿಲ್ಲ. ಮಗ ತಟ್ಟೆ ತೊಳೆದಿಟ್ಟು ಹೋದವನು ಮನೆಗೆ ಬರಲಿಲ್ಲ. ಫೋನ್ ನಂಬರನ್ನೂ ಬದಲಾಯಿಸಿದ.

ಮೂರು ತಿಂಗಳ ನಂತರ, ಅವನು ವಾರವಾರ ಸಹಿ ಹಾಕಿ ನಿರುದ್ಯೋಗ ಭತ್ಯೆ ಪಡೆಯುತ್ತಿರಬಹುದೆಂದು ಎಣಿಸಿ ಆ ಕಚೇರಿಗೆ ಹೋದೆ. ಕೌಂಟರಿನ ಹುಡುಗಿ, ಭತ್ಯೆ ಪಡೆಯುವವರ ವಿಷಯ ಹೆತ್ತವರಿಗೂ ಹೇಳುವಂತಿಲ್ಲ, ಅವನು ಬರುತ್ತಾನೋ ಇಲ್ಲವೋ ಎಂಬುದನ್ನೂ ಹೇಳುವಂತಿಲ್ಲ ಎಂದಳು. ಬದುಕಿದ್ದಾನೆ ಎಂದಷ್ಟಾದರೂ ಹೇಳೆಂದು ಅತ್ತೆ. ಅವಳು ನೀರು ತಂದುಕೊಟ್ಟಳು, ಬಾಯಿ ಬಿಡಲಿಲ್ಲ. ಅವಳಿಂದ ಮಾಹಿತಿ ಸೋರಿತೇ ಎಂದು ತಾವು ಕೇಳಿದ್ದರಿಂದ ಹೇಳುತ್ತೇನೆ: ಒಂದಕ್ಷರವೂ ಇಲ್ಲ. ಅಂದು ಅವಳಿಗೆ ಮನಸಾರೆ ಶಾಪ ಹಾಕಿದ್ದೆ.

ಮರುದಿನದಿಂದ ಕಚೇರಿಯ ಬಾಗಿಲೆದುರಿನ ಬೆಂಚಿನಲ್ಲಿ ಕೂತೆ. ಕೂರುವುದಕ್ಕೂ ಕಾನೂನು ಇದೆಯೇ ಎಂದು ಕಾವಲುಗಾರನೊಡನೆ ಜಗಳವಾಡಿದೆ. ಕಳೆದ ತಿಂಗಳ ಎರಡನೇ ಬುಧವಾರ ಬೆಳಿಗ್ಗೆ 10-20ಕ್ಕೆ ಮಗ ಬಂದ. ಸೊರಗಿದ್ದ. ಆದರೂ ಗಡ್ಡ ಬೋಳಿಸಿದ್ದ, ಅಂಗಿಗೆ ಇಸ್ತ್ರಿ ಹಾಕಿದ್ದ. ಹತ್ತು ಅಡಿ ದೂರದಲ್ಲೇ ನಿಂತು, "ಇಲ್ಲಿಗೂ ಬಂದ್ಯಾ ಅಮ್ಮ? ಈ ಸಾಲಲ್ಲಿ ನನ್ನ ನೀನು ನೋಡಬಾರದು ಅಂತಲೇ ಮನೆ ಬಿಟ್ಟಿದ್ದು" ಎಂದ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ಸಹಿ ಹಾಕದೆ ಹೊರಟುಹೋದ. ಹಿಂದೆ ಓಡಿದೆ. ಮಂಡಿನೋವಿನಿಂದ ತಿರುವಿನವರೆಗೂ ಹೋಗಲಾಗಲಿಲ್ಲ.

ನಂತರದ ನಾಲ್ಕು ಬುಧವಾರವೂ ಅಲ್ಲೇ ಕಾದೆ. ಅವನು ಬರಲಿಲ್ಲ. ಸಹಿ ತಪ್ಪಿದರೆ ಭತ್ಯೆ ನಿಲ್ಲುತ್ತದೆಂದೂ, ನಾನು ಕೂತಿರುವವರೆಗೆ ಅವನು ಆ ಬಾಗಿಲು ತುಳಿಯಲಾರನೆಂದೂ ನಿನ್ನೆ ಕಾವಲುಗಾರ ಮೆಲ್ಲಗೆ ಹೇಳಿದ. ಮಗನನ್ನು ಹುಡುಕಲು ಹೋಗಿ ಅವನ ಅನ್ನಕ್ಕೆ ನಾನೇ ಕಲ್ಲು ಹಾಕಿದೆ. ಈಗ ಏನು ತಿನ್ನುತ್ತಿದ್ದಾನೋ, ಎಲ್ಲಿ ಮಲಗುತ್ತಿದ್ದಾನೋ ತಿಳಿಯದು.

ಆದ್ದರಿಂದ ಅವನನ್ನು ಪತ್ತೆಹಚ್ಚಬೇಕಾಗಿ ಕೋರುತ್ತೇನೆ. ಇನ್ನು ಅಮ್ಮ ಆ ಕಡೆ ಸುಳಿಯುವುದಿಲ್ಲ, ಹೋಗಿ ಸಹಿ ಹಾಕು ಎಂದು ಅವನಿಗೆ ಹೇಳಿದರೆ ಸಾಕು. ಎಲ್ಲಿದ್ದಾನೆಂದು ನನಗೆ ತಿಳಿಸುವುದು ಬೇಡ. ನಾನೇ ಬಂದು ಅತ್ತು ಕೇಳಿದರೂ ತಿಳಿಸಬಾರದು.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಲಾಗಿದೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 12ನೇ ತಾರೀಖು, ಗುರುವಾರ
ಸಹಿ: (ಕಾಣೆಯಾದವನ ತಾಯಿ)