ಚಾಚಿದ ಕೈ

ಆಸ್ಪತ್ರೆಯ ಲಿಫ್ಟಿನ ಪಕ್ಕದ ಬೆಂಚಿನಲ್ಲಿ ಕೂತಿದ್ದೆ. ರೋಗಿಯೊಬ್ಬರನ್ನು ನೋಡಿ ಬಂದ ವಯಸ್ಸಾದ ಪಾದ್ರಿಯೂ ಅವರ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಯುವಕನೂ ಅಲ್ಲಿ ನಿಂತರು.

“ನನ್ನ ಪ್ರಾರ್ಥನೆ ಹೇಗಿತ್ತು, ಅಯ್ಯನವರೇ?”

“ಒಂದು ಮಾತೂ ತಡವರಿಸ್ಲಿಲ್ಲ. ಆದ್ರೆ ಮಧ್ಯದಲ್ಲಿ ಆ ಅಜ್ಜ ನಿನ್ನ ಕಡೆ ಕೈ ಚಾಚಿದ್ರಪ್ಪ.”

“ಅಯ್ಯೋ, ಕಣ್ಣು ಮುಚ್ಚಿದ್ನಲ್ಲ!”

“ಹೂಂ. ಸ್ವಲ್ಪ ಹೊತ್ತು ನೋಡಿದ್ರು. ಆಮೇಲೆ ಕೈನ ಹೊದಿಕೆ ಒಳಗೆ ಎಳ್ಕೊಂಡ್ರು.”

“ಬೈಬಲ್ ಕಾಲೇಜಲ್ಲಿ ಗ್ರೀಕು, ಹೀಬ್ರೂ ಎಲ್ಲಾ ಅರೆದು ಕುಡಿಸಿದ್ರು. ಇದೊಂದು ಕಲಿಸ್ಲಿಲ್ಲ. ನಿಮಗ್ಯಾರು ಕಲಿಸಿದ್ರು?”

“ನಮ್ಮನೆಯವಳು ತೀರ್ಕೊಂಡಾಗ ಪಾದ್ರಿಗಳೆಲ್ಲ ಬಂದಿದ್ರು. ಒಬ್ಬೊಬ್ರೂ ಚೆನ್ನಾಗೇ ಪ್ರಾರ್ಥನೆ ಮಾಡಿದ್ರು. ಕಣ್ಣು ಬಿಟ್ಕೊಂಡು ಕೂತಿದ್ದೋನು ನಾನೊಬ್ಬನೇ.”

ಲಿಫ್ಟ್ ಬಂತು. ಯುವಕ ಅಜ್ಜನಿದ್ದ ವಾರ್ಡಿನ ಕಡೆ ಓಡಿದ. ಅಯ್ಯನವರು ಒಬ್ಬರೇ ಕೆಳಗಿಳಿದು ಹೋದರು.